ಫಾರಿನ್ ಪಾರ್ಟಿ ಫೋನ್ ಎತ್ತದಿದ್ದಾಗ ಸಿಕ್ಕಿಬೀಳುವ ನಡುವಿನವನು

ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಅಕ್ಕಿ ವ್ಯಾಪಾರದಲ್ಲಿ ಒಂದು ಗಟ್ಟಿ ನಂಬಿಕೆ ಇದೆ. ದಲಾಲಿಯವನು ಮಾತು ಕೂಡಿಸುವವನು ಅಷ್ಟೇ. ಮಾಲು ಕೊಡುವವರು ಮಿಲ್ಲಿನವರು, ದುಡ್ಡು ಕೊಡುವವರು ಪಾರ್ಟಿ. ವ್ಯವಹಾರ ಕುದುರಿದರೆ ನಡುವಿನವನಿಗೆ ಕಮಿಷನ್. ಮುರಿದರೆ ಕಮಿಷನ್ ಹೋಯಿತು, ಮುಗಿಯಿತು. ಲುಕ್ಸಾನಿನ ಲೆಕ್ಕ ಅವನ ತಲೆಗೆ ಬರುವುದಿಲ್ಲ.

ಕೊಳ್ಳುವವನು ರಾಯಚೂರಿನಲ್ಲೋ ಬೆಂಗಳೂರಿನಲ್ಲೋ ಇದ್ದು, ಅವನ ಹೆಸರು ಎಲ್ಲರಿಗೂ ಗೊತ್ತಿದ್ದರೆ ಈ ನಂಬಿಕೆ ಹೆಚ್ಚುಕಡಿಮೆ ಸರಿ. ಕೊಳ್ಳುವವನು ದುಬೈನಲ್ಲೋ ಸಿಂಗಪುರದಲ್ಲೋ ಇದ್ದರೆ ಸರಿಯಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ನಮ್ಮ ಕಡೆಯ ಹುಡುಗರು ಮನೆ ಮಾರುವ ಹಂತಕ್ಕೆ ಬರುವುದನ್ನು ನೋಡುತ್ತಿದ್ದೇನೆ. ಗಂಗಾವತಿಯಲ್ಲಿ ವಕೀಲಿ ಮಾಡುವವನಿಗೆ ಅರ್ಧ ಕಾಗದ ಜಮೀನಿನದು, ಇನ್ನರ್ಧ ಮಿಲ್ಲು ಮತ್ತು ಗಂಜಿನದು, ಅಂದರೆ ಧಾನ್ಯದ ಮಾರುಕಟ್ಟೆಯದು. ಆ ಇನ್ನರ್ಧದಲ್ಲಿ ಇತ್ತೀಚೆಗೆ ಈ ರೀತಿಯ ತಕರಾರು ಜಾಸ್ತಿ ಆಗಿದೆ.

ಒಂದು ಪ್ರಕರಣ ಹೇಳುತ್ತೇನೆ. ಇಬ್ಬರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಬೇಡ, ಇಬ್ಬರೂ ಇಲ್ಲಿಯವರೇ. ಬಿಕಾಂ ಮುಗಿಸಿದ ಹುಡುಗ, ಮನೆಯಲ್ಲಿ ಜಮೀನು ಕಡಿಮೆ. ರಫ್ತು ಮಾಡಬೇಕೆಂಬ ಆಸೆ. ರಫ್ತು-ಆಮದಿಗೆ ಬೇಕಾದ ಐಇಸಿ ನಂಬರ್ ತೆಗೆಸುವುದು ಈಗ ಕಷ್ಟವಲ್ಲ, ಆನ್‌ಲೈನ್‌ನಲ್ಲಿ 500 ರೂಪಾಯಿ ಕಟ್ಟಿದರೆ ಆಯಿತು. ಸ್ವಂತ ರಫ್ತಿಗೆ ಬಂಡವಾಳ ಇಲ್ಲದ್ದರಿಂದ ಏಜೆನ್ಸಿ ಶುರು ಮಾಡಿದ. ದುಬೈನಲ್ಲಿ ಕಿರಾಣಿ ಸಗಟು ವ್ಯಾಪಾರದ ಒಬ್ಬರ ಪರಿಚಯ ಆಯಿತು. ಅವರಿಗೆ ಕೆಲವು ಕಂಟೇನರ್ ಸೋನಾ ಮಸೂರಿ ಬೇಕಿತ್ತು. ಒಂದು 20 ಅಡಿ ಕಂಟೇನರ್ ಅಂದರೆ ಸುಮಾರು 25 ಟನ್ ಅಕ್ಕಿ. ಹುಡುಗ ತನ್ನ ಫರ್ಮಿನ ಲೆಟರ್‌ಹೆಡ್‌ನಲ್ಲಿ ಮಿಲ್ಲಿಗೆ ಪರ್ಚೇಸ್ ಆರ್ಡರ್ ಕೊಟ್ಟ. ದರ, ನುಚ್ಚಿನ ಪ್ರಮಾಣ, ತೇವಾಂಶ, ಚೀಲದ ತೂಕ ಎಲ್ಲ ಬರೆದಿದ್ದ. ಕೊಳ್ಳುವವರ ಹೆಸರು ಮಾತ್ರ ಬರೆಯಲಿಲ್ಲ.

ಮಿಲ್ಲಿನವರು ಮಾಲು ತಯಾರು ಮಾಡಿ, ದುಬೈ ಪಾರ್ಟಿಯ ಬ್ರ್ಯಾಂಡ್ ಹಾಕಿದ ಚೀಲ ಪ್ರಿಂಟ್ ಮಾಡಿಸಿ, ತುಂಬಿ ಗೋಡೌನ್‌ನಲ್ಲಿ ಇಟ್ಟರು. ಅಷ್ಟರಲ್ಲಿ ಹೊರಗಿನ ಮಾರ್ಕೆಟ್‌ನಲ್ಲಿ ದರ ಇಳಿಯಿತು. ದುಬೈ ಪಾರ್ಟಿ ಮೊದಲು ಇನ್ನೊಂದು ವಾರ ಅಂದಿತು. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟಿತು.

ನಾನು ಹುಡುಗನ ಪರ. ಮಿಲ್ಲಿನ ಆಫೀಸಿನಲ್ಲಿ ಕುಂತಾಗ ಸಾಹುಕಾರ್ರು ಕೂಗಾಡಲಿಲ್ಲ. "ನಾ ದುಬೈ ನೋಡೇ ಇಲ್ರಿ ವಕೀಲ್ರ. ನಾ ನೋಡಿದ್ದು ಈ ಹುಡುಗನ್ನ. ಆರ್ಡರ್ ಮ್ಯಾಗ ಇವನ ಸಹಿ ಐತಿ" ಅಂದರು. ಹುಡುಗ, "ನಾ ಬರೇ ನಡುವಿನಾಂವ್ರಿ ಸಾಹುಕಾರ್ರ. ನಂಗ ಬರೋದು ಕ್ವಿಂಟಲ್ಲಿಗಿಷ್ಟು ಅಂತ ಕಮಿಷನ್. ಇಷ್ಟು ದೊಡ್ಡ ಲುಕ್ಸಾನು ನಾ ಹೆಂಗ ಹೊರ್ಲಿ?" ಅಂದ.

ಇಬ್ಬರ ಮಾತಿನಲ್ಲೂ ಸುಳ್ಳಿರಲಿಲ್ಲ. ಆದರೆ ಕಾನೂನು ಸಾಹುಕಾರ್ರ ಕಡೆಗಿತ್ತು.

1872ರ ಕರಾರು ಕಾಯ್ದೆಯಲ್ಲಿ ಏಜೆನ್ಸಿಗೆ ಒಂದು ಪೂರ್ತಿ ಅಧ್ಯಾಯವಿದೆ, 182ರಿಂದ 238ನೇ ಕಲಂವರೆಗೆ. ಅದರಲ್ಲಿ 230ನೇ ಕಲಂ ನಮ್ಮ ಜನರ ನಂಬಿಕೆಯನ್ನೇ ಮೊದಲು ಹೇಳುತ್ತದೆ. ಏಜೆಂಟ್ ತನ್ನ ಧಣಿಯ, ಅಂದರೆ ತನ್ನನ್ನು ನೇಮಿಸಿದವರ, ಪರವಾಗಿ ಮಾಡಿದ ಕರಾರಿಗೆ ತಾನು ಖುದ್ದಾಗಿ ಬದ್ಧನಲ್ಲ, ಅದನ್ನು ತನ್ನ ಹೆಸರಲ್ಲಿ ಜಾರಿ ಮಾಡಿಸಲೂ ಆಗದು. ಅಲ್ಲಿಗೇ ನಿಂತಿದ್ದರೆ ಹುಡುಗ ಗೆದ್ದಂತೆ. ಆದರೆ ಅದರ ಕೆಳಗೇ ಮೂರು ಸಂದರ್ಭ ಇವೆ. ಆ ಸಂದರ್ಭಗಳಲ್ಲಿ ಏಜೆಂಟನೇ ಬದ್ಧ ಎಂದು ಕೋರ್ಟು ಅಂದುಕೊಂಡೇ ಶುರು ಮಾಡುತ್ತದೆ. ಮೊದಲನೆಯದು, ವಿದೇಶದಲ್ಲಿರುವ ವ್ಯಾಪಾರಿಗಾಗಿ ಏಜೆಂಟ್ ಮಾಲು ಕೊಂಡಾಗ ಅಥವಾ ಮಾರಿದಾಗ. ಎರಡನೆಯದು, ತನ್ನ ಧಣಿ ಯಾರು ಅಂತ ಅವನು ಹೇಳದೆ ಇದ್ದಾಗ. ಮೂರನೆಯದು, ಹೆಸರು ಹೇಳಿದ್ದರೂ ಆ ಧಣಿಯ ಮೇಲೆ ದಾವಾ ಹೂಡಲು ಬರದೇ ಇದ್ದಾಗ. ನಮ್ಮ ಹುಡುಗ ಮೊದಲ ಎರಡರಲ್ಲೂ ಸಿಕ್ಕಿದ್ದ.

ನೂರೈವತ್ತು ವರ್ಷದ ಹಿಂದಿನ ಈ ಕಾಯ್ದೆ ಬರೆದವರಿಗೆ ಕಾರಟಗಿಯ ಮಿಲ್ಲು ಗೊತ್ತಿರಲಿಲ್ಲ. ಆದರೆ ಬಾಂಬೆ, ಕಲ್ಕತ್ತಾ ಬಂದರಿನಿಂದ ಇಂಗ್ಲೆಂಡಿಗೆ ಹತ್ತಿ ಹೋಗುತ್ತಿದ್ದ ಕಾಲ ಅದು. ಇಲ್ಲಿ ಮಾಲು ಮಾರುವವನು ಲಂಡನ್ನಿನ ವ್ಯಾಪಾರಿಯ ಮುಖ ನೋಡುತ್ತಿರಲಿಲ್ಲ. ಅವನು ಸಾಲ ಕೊಟ್ಟದ್ದು, ನಂಬಿದ್ದು ಎದುರಿಗೆ ಕುಂತ ಏಜೆಂಟನನ್ನು. ಸಾಹುಕಾರ್ರು ಅಂದದ್ದೂ ಅದನ್ನೇ ಅಲ್ವಾ? ಕಾನೂನಿನ ಈ ಯೋಚನೆ ನ್ಯಾಯವಾದದ್ದು ಅಂತ, ಹುಡುಗನ ವಕೀಲನಾಗಿದ್ದೂ, ನನಗೆ ಅನ್ನಿಸುತ್ತದೆ. ಚೆನ್ನೈ ಬಂದರಿನ ಆಚೆ ಏನಿದೆ ಅಂತ ಕಾಣದ ಮಿಲ್ಲಿನವರಿಗೆ ಕೈಗೆ ಸಿಗುವ ಒಬ್ಬ ಮನುಷ್ಯ ಬೇಕು.

ಗಂಜಿನಲ್ಲಿ ಹಳೆಯ ತಲೆಮಾರಿನವರಿಗೆ ಇದು ಹೊಸದೂ ಅಲ್ಲ. ಅಡತಿಯಲ್ಲಿ, ಅಂದರೆ ಗಂಜಿನ ದಲಾಲಿ ವ್ಯಾಪಾರದಲ್ಲಿ, ಕಚ್ಚಾ ಅಡತಿ, ಪಕ್ಕಾ ಅಡತಿ ಎಂಬ ಎರಡು ಬಗೆ ಇದ್ದವು. ಕಚ್ಚಾ ಅಡತಿಯವನು ಏಜೆಂಟ್ ಮಾತ್ರ. ಪಕ್ಕಾ ಅಡತಿಯವನು ತನ್ನ ಗಿರಾಕಿಯ ಮಟ್ಟಿಗೆ ತಾನೇ ಕೊಂಡವನು, ತಾನೇ ಮಾರಿದವನು. ಆಚೆಯವನು ದುಡ್ಡು ಕೊಡಲಿ ಬಿಡಲಿ, ಪಕ್ಕಾ ಅಡತಿಯವನು ಮಾತು ಉಳಿಸಿಕೊಳ್ಳಬೇಕು. 20ನೇ ಶತಮಾನದ ಮೊದಲ ವರ್ಷಗಳಲ್ಲೇ ಬಾಂಬೆ ಹೈಕೋರ್ಟ್ ಈ ರೂಢಿಯನ್ನು ಒಪ್ಪಿತ್ತು. ಇವತ್ತಿಗೂ ರೈತ ತನ್ನ ಭತ್ತದ ದುಡ್ಡಿಗೆ ಹೋಗುವುದು ದಲಾಲಿ ಅಂಗಡಿಗೇ ಹೊರತು, ಕೊಂಡ ಪಾರ್ಟಿಯ ಹತ್ತಿರ ಅಲ್ಲ. ಹಾಗಿರುವಾಗ ದುಬೈ ವ್ಯವಹಾರದಲ್ಲಿ ಮಾತ್ರ ನಡುವಿನವನ ಮೇಲೆ ಏನೂ ಇಲ್ಲ ಅಂತ ಹೇಗೆ ಅಂದುಕೊಂಡೆವೋ ಗೊತ್ತಿಲ್ಲ.

ಈಗ ಹೆಸರು ಮುಚ್ಚಿಡುವ ವಿಷಯಕ್ಕೆ ಬರುತ್ತೇನೆ. ಇಡೀ ತಕರಾರಿನ ಬೇರು ಇರುವುದು ಇಲ್ಲಿ. ಹುಡುಗ ದುಬೈ ಪಾರ್ಟಿಯ ಹೆಸರು ಬರೆಯದೇ ಇದ್ದದ್ದು ಮೋಸ ಮಾಡಲು ಅಲ್ಲ. ಹೆಸರು ಗೊತ್ತಾದರೆ ಮುಂದಿನ ಸಲ ಮಿಲ್ಲಿನವರು ನೇರವಾಗಿ ಅವರ ಹತ್ತಿರ ಹೋಗುತ್ತಾರೆ, ನನ್ನ ಕಮಿಷನ್ ಹೋಗುತ್ತದೆ ಎಂಬ ಹೆದರಿಕೆ. ಆ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ. ಪರಿಚಯ ಮಾಡಿಸಿದವನನ್ನು ಬದಿಗಿಟ್ಟು ವ್ಯಾಪಾರ ಮುಂದುವರಿಸಿದ ಉದಾಹರಣೆ ನಮ್ಮಲ್ಲಿ ಬೇಕಾದಷ್ಟಿವೆ. ಹಾಗಾಗಿ ಏಜೆಂಟ್‌ಗಳೆಲ್ಲ ಪಾರ್ಟಿಯ ಹೆಸರನ್ನು ಕೊನೆ ಗಳಿಗೆಯವರೆಗೆ ಮುಚ್ಚಿಡುತ್ತಾರೆ. ಹಡಗಿಗೆ ಮಾಲು ಹಾಕಿದ ರಸೀದಿ, ಅಂದರೆ ಬಿಲ್ ಆಫ್ ಲೇಡಿಂಗ್, ಮಾಡಿಸುವಾಗ ಹೇಳಿದರೆ ಸಾಕು ಅಂದುಕೊಳ್ಳುತ್ತಾರೆ. ಸಣ್ಣ ಕಮಿಷನ್ ಉಳಿಸಿಕೊಳ್ಳಲು ಮಾಡಿದ ಈ ಕೆಲಸವೇ ಪೂರ್ತಿ ವ್ಯವಹಾರದ ಹೊಣೆಯನ್ನು ಅವರ ಮೇಲೆ ತಂದು ಹಾಕುತ್ತದೆ.

ಇದಕ್ಕೆ ದಾರಿ ಇದೆ. ಪಾರ್ಟಿಯ ಹೆಸರು ಹೇಳುವ ಮೊದಲು ಮಿಲ್ಲಿನವರ ಜೊತೆ ಒಂದು ಪುಟದ ಕಾಗದ ಮಾಡಿಕೊಳ್ಳಿ. ಈ ಪಾರ್ಟಿಯನ್ನು ಪರಿಚಯಿಸಿದ್ದು ಇವರು, ಇಂಥ ದಿನಾಂಕದವರೆಗೆ ಆ ಪಾರ್ಟಿಗೆ ಹೋಗುವ ಪ್ರತಿ ಲೋಡಿಗೂ ಇವರಿಗೆ ಇಷ್ಟು ಕಮಿಷನ್, ನೇರವಾಗಿ ಮಾರಿದರೂ ಕೊಡಬೇಕು ಅಂತ. ನೇರ ವ್ಯಾಪಾರ ಮಾಡಲೇಬಾರದು ಅಂತ ಕಟ್ಟು ಹಾಕಬೇಡಿ. ವ್ಯಾಪಾರಕ್ಕೆ ತಡೆ ಹಾಕುವ ಕರಾರು ಅಂತ 27ನೇ ಕಲಂ ಕೆಳಗೆ ತಕರಾರು ಬರಬಹುದು. ಕಮಿಷನ್ ಕೊಡಿ ಎಂಬ ಮಾತಿಗೆ ಆ ತೊಂದರೆ ಇಲ್ಲ. ಈ ಕಾಗದ ಕೈಯಲ್ಲಿದ್ದರೆ ಹೆಸರು ಮುಚ್ಚಿಡುವ ಅಗತ್ಯವೇ ಬೀಳುವುದಿಲ್ಲ.

ಹೆಸರು ಹೇಳಿದ ಮೇಲೂ ವಿದೇಶಿ ವ್ಯಾಪಾರಿಯ ಮೊದಲ ಸಂದರ್ಭ ಉಳಿದೇ ಉಳಿಯುತ್ತದೆ. ಆದರೆ ಅದು ಕೋರ್ಟಿನ ಅಂದಾಜು, ಅಂತಿಮ ತೀರ್ಪಲ್ಲ. ಆರ್ಡರ್‌ನಲ್ಲಿ ಕೊಳ್ಳುವವರ ಪೂರ್ತಿ ಹೆಸರು, ವಿಳಾಸ, ಲೈಸೆನ್ಸ್ ನಂಬರ್ ಬರೆದು, "ಇಂಥವರ ಪರವಾಗಿ, ಏಜೆಂಟನಾಗಿ ಮಾತ್ರ" ಅಂತ ಸಹಿ ಹಾಕಿ, ದುಡ್ಡಿನ ಹೊಣೆ ನನ್ನದಲ್ಲ ಅಂತ ಒಂದು ಸಾಲು ಸೇರಿಸಿ, ಮಿಲ್ಲಿನವರೂ ಅದಕ್ಕೆ ಸಹಿ ಮಾಡಿದರೆ ಆ ಅಂದಾಜನ್ನು ಮುರಿಯಲು ಆಧಾರ ಸಿಗುತ್ತದೆ. ಕಾಗದವೇ ಇಲ್ಲದಿದ್ದರೆ ಮುರಿಯುವುದು ಯಾವುದರಿಂದ?

ಇಷ್ಟು ಹೇಳಿದ್ದು ವಿದೇಶಿ ಕೊಳ್ಳುವವರ ಪರವಾಗಿ ಇಲ್ಲಿ ಮಾಲು ಎತ್ತುವ ಏಜೆಂಟ್ ಬಗ್ಗೆ. ನಮ್ಮಲ್ಲಿ ಇನ್ನೊಂದು ಬಗೆಯವರೂ ಇದ್ದಾರೆ. ಮಿಲ್ಲಿನವರೇ ನೇಮಿಸಿಕೊಂಡವರು. "ನಮ್ಮ ಅಕ್ಕಿಗೆ ಹೊರಗಡೆ ಪಾರ್ಟಿ ಹುಡುಕಿ ಕೊಡು" ಅಂತ ಹೇಳಿಸಿಕೊಂಡವರು. ಅವರ ಸ್ಥಿತಿ ಬೇರೆ. ಪಾರ್ಟಿ ದುಡ್ಡು ಕೊಡದಿದ್ದರೆ ಅದನ್ನು ತುಂಬಿಕೊಡುವ ಹೊಣೆ ಅವರ ಮೇಲೆ ತಾನಾಗಿ ಬರುವುದಿಲ್ಲ. ದುಡ್ಡು ಬರದಿದ್ದರೆ ನಾನು ಕೊಡುತ್ತೇನೆ ಅಂತ ಜಾಮೀನು ನಿಂತು ಅದಕ್ಕಾಗಿ ಹೆಚ್ಚಿನ ಕಮಿಷನ್ ಪಡೆಯುವವರ ಮಾತು ಬೇರೆ, ಅವರನ್ನು ಡೆಲ್ ಕ್ರೆಡೆರೆ ಏಜೆಂಟ್ ಅನ್ನುತ್ತಾರೆ. ಉಳಿದವರಿಗೆ ಇರುವುದು ಎಚ್ಚರದಿಂದ ಕೆಲಸ ಮಾಡುವ ಹೊಣೆ. 212ನೇ ಕಲಂ ಅದನ್ನು ಹೇಳುತ್ತದೆ, ಅದರ ಕೆಳಗೆ ಕಾಯ್ದೆಯೇ ಕೊಟ್ಟಿರುವ ಉದಾಹರಣೆಗಳು ತುಂಬಾ ಚೆನ್ನಾಗಿವೆ.

ಒಂದು ಉದಾಹರಣೆಯಲ್ಲಿ ಏಜೆಂಟನಿಗೆ ಸಾಲಕ್ಕೆ ಮಾರಲು ಅಧಿಕಾರ ಇದೆ. ಕೊಳ್ಳುವವನ ಸ್ಥಿತಿಗತಿ ವಿಚಾರಿಸದೆ ಮಾರುತ್ತಾನೆ. ಆ ಕೊಳ್ಳುವವನು ಆಗಲೇ ದಿವಾಳಿ. ನಷ್ಟವನ್ನು ಏಜೆಂಟ್ ತುಂಬಿಕೊಡಬೇಕು. ಇನ್ನೊಂದು ಉದಾಹರಣೆ ರಾಯಚೂರಿನ ಹತ್ತಿ ವ್ಯಾಪಾರಿಗಳಿಗೆ ಹೇಳಿ ಮಾಡಿಸಿದ ಹಾಗಿದೆ. ಇಂಗ್ಲೆಂಡಿನ ವ್ಯಾಪಾರಿಯೊಬ್ಬ ಬಾಂಬೆಯ ಏಜೆಂಟನಿಗೆ 100 ಬೇಲ್ ಹತ್ತಿಯನ್ನು ಇಂಥದೇ ಹಡಗಿನಲ್ಲಿ ಕಳಿಸು ಅನ್ನುತ್ತಾನೆ. ಏಜೆಂಟ್ ಕಳಿಸಬಹುದಾಗಿದ್ದರೂ ಕಳಿಸುವುದಿಲ್ಲ. ಹಡಗು ಸುಖವಾಗಿ ತಲುಪುತ್ತದೆ. ಆಮೇಲೆ ಹತ್ತಿ ದರ ಏರುತ್ತದೆ. ಹಡಗು ತಲುಪಿದ ಹೊತ್ತಿಗೆ ಇದ್ದ ದರದಲ್ಲಿ ಸಿಗಬಹುದಾಗಿದ್ದ ಲಾಭವನ್ನು ಏಜೆಂಟ್ ಕೊಡಬೇಕು. ನಂತರ ಏರಿದ ದರದ ಲಾಭ ಕೊಡಬೇಕಿಲ್ಲ. ಎಷ್ಟು ಹೊಣೆ, ಎಲ್ಲಿಗೆ ನಿಲ್ಲುತ್ತದೆ ಅನ್ನುವುದನ್ನು ಇಷ್ಟು ಸರಳವಾಗಿ ಹೇಳಿದ ಕಾನೂನು ಪುಸ್ತಕ ಕಡಿಮೆ.

ಅಂದರೆ ಏಜೆಂಟ್ ಯಾರ ಕಡೆಯವನು ಅನ್ನುವುದೇ ಮೊದಲ ಪ್ರಶ್ನೆ. ನಮ್ಮ ಕಡೆ ಇದಕ್ಕೆ ಉತ್ತರ ಕೇಳಿದರೆ "ಇಬ್ಬರ ಕಡೆಯೂ ರೀ" ಅನ್ನುತ್ತಾರೆ. ಇಬ್ಬರಿಂದಲೂ ಕಮಿಷನ್ ಪಡೆಯುವುದು ರೂಢಿ. ಇಬ್ಬರಿಗೂ ಗೊತ್ತಿದ್ದು, ಇಬ್ಬರೂ ಒಪ್ಪಿದ್ದರೆ ತಪ್ಪಲ್ಲ. ಒಬ್ಬರಿಗೆ ಗೊತ್ತಿಲ್ಲದೆ ಇನ್ನೊಬ್ಬರಿಂದ ಪಡೆದರೆ ಆ ದುಡ್ಡನ್ನು ಧಣಿ ಕೇಳಿ ಪಡೆಯಬಹುದು. ಸರಿಯಾಗಿ ಕೆಲಸ ಮಾಡದಿದ್ದ ಭಾಗಕ್ಕೆ ಕಮಿಷನ್ ಹಕ್ಕೂ ಇಲ್ಲ, 220ನೇ ಕಲಂ.

ಇನ್ನು ತುಂಬಾ ಅಪಾಯದ್ದು ಒಂದಿದೆ. ಪಾರ್ಟಿ ಇನ್ನೂ ಯೋಚನೆ ಮಾಡುತ್ತಿರುವಾಗಲೇ ಏಜೆಂಟ್ ಮಿಲ್ಲಿಗೆ ವಾಟ್ಸಾಪ್‌ನಲ್ಲಿ "ಕನ್ಫರ್ಮ್ ಆಯ್ತು, ಮಾಲು ರೆಡಿ ಮಾಡ್ರಿ" ಅಂತ ಹಾಕಿಬಿಡುವುದು. ದರ ಏರುತ್ತಿರುವಾಗ ಮಾಲು ಹಿಡಿದಿಟ್ಟುಕೊಳ್ಳಬೇಕೆಂಬ ಅವಸರ. ತನಗಿಲ್ಲದ ಅಧಿಕಾರ ಇದೆ ಅಂತ ಹೇಳಿ ಇನ್ನೊಬ್ಬರನ್ನು ವ್ಯವಹಾರಕ್ಕೆ ಇಳಿಸಿದವನು, ಧಣಿ ಅದನ್ನು ಒಪ್ಪದಿದ್ದರೆ, ನಷ್ಟಕ್ಕೆ ಖುದ್ದು ಹೊಣೆ ಅಂತ 235ನೇ ಕಲಂ ಹೇಳುತ್ತದೆ. ವಾಟ್ಸಾಪ್ ಮೆಸೇಜು ಸಾಕ್ಷಿ ಆಗುವುದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಸರ್ಟಿಫಿಕೇಟ್ ಜೊತೆ ಕೊಟ್ಟರೆ ಅದು ಸಾಕ್ಷಿಯೇ. ಹಳೆಯ ಕಾಯ್ದೆಯಲ್ಲೂ ದಾರಿ ಇತ್ತು.

ಯಾರ ತಪ್ಪೂ ಇಲ್ಲದೆ ಮುರಿದ ವ್ಯವಹಾರಗಳೂ ಇವೆ. 2023ರ ಜುಲೈ 20 ನಮ್ಮ ಕಡೆಯವರು ಮರೆಯದ ದಿನ. ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯ ರಫ್ತನ್ನು ಕೇಂದ್ರ ಸರ್ಕಾರ ಅಂದು ನಿಲ್ಲಿಸಿತು. 2022ರ ಸೆಪ್ಟೆಂಬರ್‌ನಿಂದಲೇ ಆ ಅಕ್ಕಿಯ ಮೇಲೆ ಶೇ 20ರ ರಫ್ತು ಸುಂಕ ಇತ್ತು, ನುಚ್ಚಿನ ರಫ್ತು ನಿಂತಿತ್ತು. ಹಡಗಿಗೆ ಲೋಡಿಂಗ್ ಶುರುವಾಗಿದ್ದ, ಕಸ್ಟಮ್ಸ್‌ಗೆ ಒಪ್ಪಿಸಿಯಾಗಿದ್ದ ಮಾಲಿನಂಥ ಕೆಲವಕ್ಕೆ ವಿನಾಯಿತಿ ಸಿಕ್ಕಿತು. ಇಲ್ಲಿಯ ಗೋಡೌನ್‌ನಲ್ಲಿ ಚೀಲ ತುಂಬಿ ಕುಂತಿದ್ದ ಮಾಲಿಗೆ ಸಿಗಲಿಲ್ಲ. 2024ರ ಸೆಪ್ಟೆಂಬರ್ 28ಕ್ಕೆ ಟನ್ನಿಗೆ 490 ಡಾಲರ್ ಕನಿಷ್ಠ ದರ ಇಟ್ಟು ರಫ್ತು ತೆರೆದರು, ಅಕ್ಟೋಬರ್‌ನಲ್ಲಿ ಆ ಕನಿಷ್ಠ ದರವನ್ನೂ ತೆಗೆದರು. ಬಳ್ಳಾರಿ ಕಡೆಯವರಿಗೆ ಇದು 2010ರ ಜುಲೈ ನೆನಪಿಸುತ್ತದೆ. ಆಗ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತ್ತು, ಮರುವರ್ಷ ಸುಪ್ರೀಂ ಕೋರ್ಟ್ ಗಣಿಗಾರಿಕೆಯನ್ನೇ ನಿಲ್ಲಿಸಿತು.

ಇಂಥ ಆದೇಶದಿಂದ ಕರಾರು ನಡೆಸುವುದೇ ಕಾನೂನಿಗೆ ವಿರುದ್ಧ ಆದರೆ, ಕರಾರು ಕಾಯ್ದೆಯ 56ನೇ ಕಲಂ ಪ್ರಕಾರ ಆ ಕರಾರು ಮುಗಿದಂತೆ. ಯಾರೂ ಯಾರಿಗೂ ಪರಿಹಾರ ಕೊಡಬೇಕಿಲ್ಲ. ಆದರೆ ಪಡೆದ ಅಡ್ವಾನ್ಸ್ ವಾಪಸ್ ಕೊಡಬೇಕು, ಅದು 65ನೇ ಕಲಂ. ಆಗ ಏಜೆಂಟನ ಖಾತೆಯಲ್ಲಿ ದುಡ್ಡು ಇದ್ದರೆ? ಪಾರ್ಟಿ ಕಳಿಸಿದ ಅಡ್ವಾನ್ಸ್ ತನ್ನ ಖಾತೆಗೆ ಹಾಕಿಸಿಕೊಂಡು, ಅದರಲ್ಲಿ ಒಂದಿಷ್ಟು ಮಿಲ್ಲಿಗೆ ಕೊಟ್ಟು, ಉಳಿದದ್ದನ್ನು ಚೀಲಕ್ಕೆ, ಲಾರಿ ಬಾಡಿಗೆಗೆ, ಮನೆ ಖರ್ಚಿಗೆ ಬಳಸಿದವರು ಆ ವರ್ಷ ಬಹಳ ಕಷ್ಟಪಟ್ಟರು. ನನ್ನ ಅಭಿಪ್ರಾಯ ಇಲ್ಲಿ ತುಂಬಾ ಕಟ್ಟುನಿಟ್ಟು. ಏಜೆಂಟ್ ಆದವನು ಮಾಲಿನ ದುಡ್ಡನ್ನು ಕೈಯಲ್ಲಿ ಹಿಡಿಯಲೇಬಾರದು. ಪಾರ್ಟಿಯಿಂದ ಮಿಲ್ಲಿನ ಖಾತೆಗೆ ನೇರ ಬರಲಿ, ಕಮಿಷನ್ ಆಮೇಲೆ ಬರಲಿ. ದುಡ್ಡು ಖಾತೆಯಲ್ಲಿ ಬಂದು ಹೋಗದಿದ್ದರೆ ಸಿವಿಲ್ ಹೊಣೆಯೂ ಕಡಿಮೆ, ಪೊಲೀಸ್ ಸ್ಟೇಷನ್ ಮೆಟ್ಟಿಲೂ ದೂರ.

ಸ್ಟೇಷನ್ ಮಾತು ಬಂತು. ವ್ಯವಹಾರ ಮುರಿದ ತಕ್ಷಣ ನಮ್ಮವರು ಮೊದಲು ಓಡುವುದು ಅಲ್ಲಿಗೆ, ಮೋಸದ ಕೇಸು ಹಾಕಿಸಲು. ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ ಹಳೆಯ 420ರ ಜಾಗದಲ್ಲಿದೆ. ಮಾತು ತಪ್ಪಿದ್ದೆಲ್ಲ ಮೋಸವಲ್ಲ, ಶುರುವಿನಲ್ಲೇ ಮೋಸದ ಉದ್ದೇಶ ಇದ್ದಿರಬೇಕು ಅಂತ ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಪಾರ್ಟಿ ಕೈಕೊಟ್ಟದ್ದಕ್ಕೆ ಏಜೆಂಟ್ ಹುಡುಗನನ್ನು ಸ್ಟೇಷನ್‌ನಲ್ಲಿ ಕೂರಿಸುವುದು ನ್ಯಾಯವಲ್ಲ. ಇದನ್ನು ಮಿಲ್ಲಿನವರಿಗೆ ಕೈಮುಗಿದು ಹೇಳುತ್ತೇನೆ. ಆ ಹುಡುಗನ ತಂದೆ ತಾಯಿ ಅನುಭವಿಸುವ ಅವಮಾನದಿಂದ ನಿಮ್ಮ ದುಡ್ಡು ವಾಪಸ್ ಬರುವುದಿಲ್ಲ.

ಹಾಗಾದರೆ ದುಬೈ ಪಾರ್ಟಿಯನ್ನು ಹಿಡಿಯಲು ಆಗುವುದಿಲ್ಲವಾ? ಕಾನೂನು ಪ್ರಕಾರ ಆಗುತ್ತದೆ. ಏಜೆಂಟ್ ಖುದ್ದು ಬದ್ಧನಾಗಿರುವಾಗ ಅವನನ್ನೋ, ಅವನ ಧಣಿಯನ್ನೋ, ಇಬ್ಬರನ್ನೂ ಹಿಡಿಯಲು ಕರಾರು ಕಾಯ್ದೆಯ 233ನೇ ಕಲಂ ಬಿಡುತ್ತದೆ. ಆದರೆ ಕೊಪ್ಪಳದಲ್ಲಿ ಡಿಕ್ರಿ ತೆಗೆದುಕೊಂಡು ದುಬೈಗೆ ಹೋಗಿ ಜಾರಿ ಮಾಡಿಸುವುದು ಖರ್ಚಿನ, ತಾಳ್ಮೆಯ ಕೆಲಸ. ದೊಡ್ಡ ವ್ಯವಹಾರವಾದರೆ ಕರಾರಿನಲ್ಲೇ ಆರ್ಬಿಟ್ರೇಷನ್, ಅಂದರೆ ಕೋರ್ಟಿನ ಹೊರಗೆ ಪಂಚರಿಂದ ತೀರ್ಪು ಪಡೆಯುವ ಷರತ್ತು, ಸೇರಿಸಿ. 1958ರ ನ್ಯೂಯಾರ್ಕ್ ಒಪ್ಪಂದಕ್ಕೆ ಭಾರತವೂ ಯುಎಇಯೂ ಸೇರಿರುವುದರಿಂದ ಆ ತೀರ್ಪಿಗೆ ಅಲ್ಲಿ ಬೆಲೆ ಇದೆ. ಅತ್ತ ಕಡೆಯಿಂದಲೂ ಬಾಗಿಲು ತೆರೆದಿದೆ ಅನ್ನುವುದು ನಮ್ಮವರಿಗೆ ಗೊತ್ತಿರಲಿ. 2020ರ ಜನವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯ ನಂತರ, ಯುಎಇ ಕೋರ್ಟಿನ ಡಿಕ್ರಿಯನ್ನು ಇಲ್ಲಿಯ ಜಿಲ್ಲಾ ನ್ಯಾಯಾಲಯದಲ್ಲಿ ನೇರವಾಗಿ ಜಾರಿಗೆ ಹಾಕಬಹುದು. ದುಬೈನಿಂದ ಬಂದ ನೋಟಿಸನ್ನು ಡ್ರಾಯರ್‌ನಲ್ಲಿ ಹಾಕಿ ಕುಂತರೆ ನಡೆಯುವುದಿಲ್ಲ.

ನಡುವಿನ ಇತರರ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಎಲ್‌ಸಿ, ಅಂದರೆ ಕೊಳ್ಳುವವರ ಪರವಾಗಿ ಬ್ಯಾಂಕ್ ಕೊಡುವ ಪಾವತಿ ಭರವಸೆ ಪತ್ರ, ಇದ್ದರೆ ಬ್ಯಾಂಕ್ ಕೂಡ ನಡುವೆ ಬರುತ್ತದೆ, ಆದರೆ ಅದು ನೋಡುವುದು ಕಾಗದವನ್ನು, ಅಕ್ಕಿಯನ್ನಲ್ಲ. ಕಸ್ಟಮ್ಸ್ ಬ್ರೋಕರ್‌ಗೆ ಲೈಸೆನ್ಸ್ ಬೇಕು, 2018ರ ನಿಯಮಗಳಿವೆ. ವ್ಯವಹಾರ ಕೂಡಿಸುವ ಏಜೆಂಟನಿಗೆ ಅಂಥ ಲೈಸೆನ್ಸ್ ಇಲ್ಲ, ತರಬೇತಿಯ ಕಡ್ಡಾಯವೂ ಇಲ್ಲ. ದುಡ್ಡು ಬರದ ಅಪಾಯಕ್ಕೆ ಇಸಿಜಿಸಿ ವಿಮೆ ಇದೆ. 1957ರಿಂದ ಇರುವ ಸರ್ಕಾರಿ ಸಂಸ್ಥೆ ಅದು. ರಫ್ತು ಮಾಡುವ ಮಿಲ್ಲಿನವರು ಅದನ್ನು ಮಾಡಿಸಿದರೆ ಏಜೆಂಟನ ಕೊರಳಿಗೆ ಕೈ ಹಾಕುವ ಪ್ರಸಂಗ ಎಷ್ಟೋ ಕಡಿಮೆ ಆಗುತ್ತದೆ.

ನಮ್ಮ ಹುಡುಗನ ವಿಷಯ. ಅವನದು ಪ್ರೊಪ್ರೈಟರ್ ಫರ್ಮ್, ಅಂದರೆ ಫರ್ಮಿನ ಸಾಲ ಮನೆಯ ಸಾಲವೇ. 3 ಲಕ್ಷದ ಮೇಲಿನ ವಾಣಿಜ್ಯ ತಕರಾರಿಗೆ ಅವಸರದ ಆದೇಶ ಬೇಕಿಲ್ಲದಿದ್ದರೆ ದಾವಾ ಹೂಡುವ ಮೊದಲು ಮಧ್ಯಸ್ಥಿಕೆ ಕಡ್ಡಾಯ, ಅದು ವಾಣಿಜ್ಯ ನ್ಯಾಯಾಲಯ ಕಾಯ್ದೆಯ 12ಎ ಕಲಂ. ಅಲ್ಲಿಗೂ ಹೋಗಲಿಲ್ಲ. ಗಂಜಿನ ಹಿರಿಯರಿಬ್ಬರು ನಡುವೆ ಕುಂತರು. ನಾನು ಅಲ್ಲಿ ಹಿಡಿದದ್ದು ಕರಾರು ಕಾಯ್ದೆಯ 73ನೇ ಕಲಂ. ಸಾಹುಕಾರ್ರು ಕೇಳಬಹುದಾದದ್ದು ಒಪ್ಪಿದ ದರಕ್ಕೂ ಮುರಿದ ದಿನದ ಮಾರ್ಕೆಟ್ ದರಕ್ಕೂ ಇರುವ ವ್ಯತ್ಯಾಸ, ಚೀಲದ ಖರ್ಚು, ನೇರವಾಗಿ ಆದ ನಷ್ಟ. ಪೂರ್ತಿ ಬಿಲ್ಲಿನ ದುಡ್ಡಲ್ಲ, ಮಾಲು ಅವರ ಹತ್ತಿರವೇ ಇದೆ. ಅಕ್ಕಿಯನ್ನು ಬೇರೆ ಚೀಲಕ್ಕೆ ತುಂಬಿ ಬೆಂಗಳೂರಿಗೆ ಮಾರಿದರು. ಉಳಿದ ವ್ಯತ್ಯಾಸದಲ್ಲಿ ಒಂದು ಭಾಗವನ್ನು ಸಾಹುಕಾರ್ರೇ ಬಿಟ್ಟರು. ಮಿಕ್ಕಿದ್ದನ್ನು ಹುಡುಗ ಕಂತಿನಲ್ಲಿ ಕೊಡುತ್ತಿದ್ದಾನೆ. ಅವನು ಏಜೆನ್ಸಿ ಬಿಟ್ಟಿಲ್ಲ, ಅದು ನನಗೆ ಸಂತೋಷ. ಈಗ ಆರ್ಡರ್‌ನಲ್ಲಿ ಪಾರ್ಟಿಯ ಹೆಸರು ಮೇಲೇ ಇರುತ್ತದೆ.

ಕೊನೆಗೆ ಗಡುವಿನ ಮಾತು. ಕರಾರು ಮುರಿದದ್ದಕ್ಕೆ ದಾವಾ ಹೂಡಲು ಮುರಿದ ದಿನದಿಂದ ಮೂರು ವರ್ಷ ಮಾತ್ರ ಇದೆ. 2023ರ ಜುಲೈನಲ್ಲಿ ಮುರಿದದ್ದಕ್ಕೆ 2026ರ ಜುಲೈ. ಗಡುವಿನೊಳಗೆ ಎದುರಿನವರು "ಬಾಕಿ ಇದೆ, ಕೊಡುತ್ತೇವೆ" ಅಂತ ಬರಹದಲ್ಲಿ ಒಪ್ಪಿ ಸಹಿ ಮಾಡಿದರೆ ಆ ದಿನದಿಂದ ಹೊಸದಾಗಿ ಮೂರು ವರ್ಷ ಸಿಗುತ್ತದೆ. 12ಎ ಮಧ್ಯಸ್ಥಿಕೆಯಲ್ಲಿ ಹೋದ ದಿನಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಾಯಿಮಾತಿನಲ್ಲಿ "ಸುಗ್ಗಿ ಮುಗೀಲಿ, ನೋಡೋಣ" ಅಂದ ದಿನಗಳನ್ನು ಹಿಡಿಯುತ್ತಾರೆ.